ಗಡಿಗೆಯ ಪಾಲು

ಆಕಾಶದಿಂದ ನೋಡಿದರೆ ನೀರು ಕಾಣದ ಕೆರೆ ಕೆರೆಯೇ ಅಲ್ಲ ಎಂಬ ಕಾನೂನು ಬಂದ ವರ್ಷ ನಾನು ಸಂಗನಗುಂದಿಗೆ ಬಂದೆ. ಕಾನೂನು ಮಾಡಿದವರ ತರ್ಕ ಬಲು ಸರಳ. ವರ್ಷಕ್ಕೊಮ್ಮೆ, ಮುಂಗಾರಿನ ಮೋಡ ಕವಿಯುವ ಮೊದಲು, ಒಂದು ಉಪಗ್ರಹ ನಾಡಿನ ಮೇಲೆ ಹಾದುಹೋಗಿ ಚಿತ್ರ ತೆಗೆಯುತ್ತದೆ. ಕೆರೆಯ ಮೈಯಲ್ಲಿ ಕಾಲು ಭಾಗವಾದರೂ ನೀರು ಮಿನುಗಿದರೆ ಅದು ಕೆರೆ. ಮೂರು ವರ್ಷ ಸತತವಾಗಿ ಮಿನುಗದಿದ್ದರೆ ಅದು ಭೂಮಿ. ಭೂಮಿ ಎಂದಾದ ಮೇಲೆ ಮಣ್ಣು ತುಂಬಿ ಗೋದಾಮು ಕಟ್ಟಲು ಯಾರ ಅಡ್ಡಿಯೂ ಇರುವುದಿಲ್ಲ.

ಸಂಗನಗುಂದಿ ಕೆರೆಯಲ್ಲಿ ನೀರಿಗೇನೂ ಬರವಿರಲಿಲ್ಲ. ನಡುವೆ ಎರಡಾಳು ಆಳ. ಆದರೆ ದಡದಿಂದ ದಡಕ್ಕೆ ಅಂತರಗಂಗೆ ಹೆಣೆದುಕೊಂಡು ಬೆಳೆದು, ಅಂಚಿನಲ್ಲಿ ಮೇಕೆಗಳು ಅದರ ಮೇಲೇ ನಡೆದಾಡುತ್ತಿದ್ದವು. ಹೂ ಬಿಟ್ಟಾಗ ಇನ್ನೂರೈವತ್ತು ಎಕರೆ ನೇರಳೆ ಬಣ್ಣ. ಪೇಟೆಯವರು ಕಾರು ನಿಲ್ಲಿಸಿ, ಅದಕ್ಕೆ ಬೆನ್ನು ಮಾಡಿ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಕೆರೆಯನ್ನೇ ನಂಬಿದ್ದ ಅಂಬಿಗರ ನಲವತ್ತು ಮನೆಯವರು ಹರಿಗೋಲುಗಳನ್ನು ಗೋಡೆಗೆ ಒರಗಿಸಿಟ್ಟು ಕೂಲಿಗೆ ಹೋಗುತ್ತಿದ್ದರು.

ನನ್ನ ಹೆಸರು ಚಂದ್ರಮತಿ, ಊರು ತುಮಕೂರಿನ ಕಡೆ. ಹುದುಗಿಸುವುದು ನನ್ನ ವಿದ್ಯೆ. ಪೆಟ್ರೋಲ್ ಬಂಕುಗಳೆಲ್ಲ ಸ್ಪಿರಿಟ್ ಬಂಕುಗಳಾಗಿ ಇಪ್ಪತ್ತು ವರ್ಷ ಕಳೆದಿದ್ದ ಆ ಕಾಲದಲ್ಲಿ ನನ್ನಂಥವರಿಗೆ ಕೆಲಸಕ್ಕೇನೂ ಕೊರತೆ ಇರಲಿಲ್ಲ. ಆದರೂ ಅಮ್ಮ ಫೋನಿನಲ್ಲಿ ಸಿಕ್ಕಾಗಲೆಲ್ಲ, "ಅಷ್ಟೆಲ್ಲ ಓದಿ ಕೊನೆಗೆ ಸಾರಾಯಿ ಕಾಯಿಸೋಕೆ ಹೋದ್ಯಲ್ಲೇ" ಎನ್ನುತ್ತಿದ್ದರು. ಸಂಗನಗುಂದಿಯವರೂ ಕಡಿಮೆಯವರಲ್ಲ. ಬಂದ ವಾರದಲ್ಲೇ ನನಗೆ 'ಸೆರಿ ಮೇಡಂ', ಅಂದರೆ ಹೆಂಡದ ಮೇಡಂ, ಎಂದು ನಾಮಕರಣ ಮಾಡಿದರು.

ನಮ್ಮ ಘಟಕದ ಕೆಲಸ ಅಂತರಗಂಗೆಯಿಂದ ಸ್ಪಿರಿಟ್ ತೆಗೆಯುವುದು. ಈ ಗಿಡದ ನೂರು ಕಿಲೋದಲ್ಲಿ ತೊಂಬತ್ತೈದು ಕಿಲೋ ನೀರೇ. ಉಳಿದ ಐದು ಕಿಲೋ ನಾರಿನೊಳಗೆ ಸಕ್ಕರೆ ಬೀಗ ಹಾಕಿಕೊಂಡು ಕೂತಿರುತ್ತದೆ. ಕತ್ತರಿಸುವ ದೋಣಿ ಗಿಡ ತಂದು ದಡಕ್ಕೆ ಹಾಕುತ್ತದೆ. ನಾವು ಅದನ್ನು ಹಿಂಡಿ, ಕೊಚ್ಚಿ, ಸುಣ್ಣದ ನೀರಿನಲ್ಲಿ ಬೇಯಿಸಿ, ಕಿಣ್ವ ಬೆರೆಸಿ ನಾರನ್ನು ಸಕ್ಕರೆಯಾಗಿ ಬಿಚ್ಚುತ್ತೇವೆ. ಆ ಗಂಜಿಯನ್ನು ಮನೆಯಷ್ಟು ದೊಡ್ಡ ಐದು ತೊಟ್ಟಿಗಳಿಗೆ ತುಂಬಿ ಯೀಸ್ಟ್ ಹಾಕಿದರೆ ಅದು ಸಕ್ಕರೆ ತಿಂದು ಸ್ಪಿರಿಟ್ ಬಿಡುತ್ತದೆ. ಕಾಗದದ ಮೇಲೆ ಇಷ್ಟೇ.

ತೊಡಕು ಏನೆಂದರೆ, ಗಂಜಿಯಲ್ಲಿ ಎರಡು ಬಗೆಯ ಸಕ್ಕರೆ ಇರುತ್ತದೆ. ಮದುವೆಯೂಟದಲ್ಲಿ ಹೋಳಿಗೆ ತಿಂದು ಅನ್ನ ಬಿಟ್ಟು ಏಳುವ ಮಕ್ಕಳ ಹಾಗೆ, ನಮ್ಮ ಯೀಸ್ಟ್ ಒಂದನ್ನು ಮಾತ್ರ ತಿಂದು ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಸಾಲದ್ದಕ್ಕೆ ಸಂಗನಗುಂದಿಯ ಬಿಸಿಲು. ಮಾರ್ಚಿನಿಂದಾಚೆ ತೊಟ್ಟಿಯೊಳಗೆ ನಲವತ್ತು ಡಿಗ್ರಿ ದಾಟಿದರೆ ಯೀಸ್ಟ್ ಅರ್ಧಕ್ಕೇ ಸಾಯುತ್ತಿತ್ತು. ಒಂದು ತೊಟ್ಟಿ ಮುಗಿಯಲು ಒಂಬತ್ತು ದಿನ. ಕತ್ತರಿಸುವ ದೋಣಿಗಳು ಓಡುವುದೂ ಅದೇ ಸ್ಪಿರಿಟ್ಟಿನಿಂದ. ಸ್ಪಿರಿಟ್ ಕಡಿಮೆಯಾದರೆ ದೋಣಿ ನಿಲ್ಲುತ್ತದೆ, ದೋಣಿ ನಿಂತರೆ ಗಿಡ ಹಬ್ಬುತ್ತದೆ. ನಾವು ಈ ಸೋಮವಾರ ತೆರೆದ ನೀರು ಮುಂದಿನ ಸೋಮವಾರಕ್ಕೆ ಮತ್ತೆ ಹಸಿರಾಗುತ್ತಿತ್ತು. ಮೊದಲ ವರ್ಷ ಉಪಗ್ರಹಕ್ಕೆ ಕಂಡದ್ದು ಶೇಕಡಾ ಎರಡು. ಎರಡನೆಯ ವರ್ಷ ನಾಲ್ಕು.

ನಾನು ಬಾಡಿಗೆಗಿದ್ದದ್ದು ಹುಲಿಗೆವ್ವ ಎಂಬ ಅಂಬಿಗರ ಹೆಂಗಸಿನ ಮನೆಯ ಮುಂದಿನ ಕೋಣೆಯಲ್ಲಿ. ಐವತ್ತರ ಆಸುಪಾಸು, ಗಟ್ಟಿ ಆಳು, ಮಾತೂ ಗಟ್ಟಿ. ಮಗಳು ಸ್ಫೂರ್ತಿ ಮದುವೆಯಾಗಿ ಗಂಗಾವತಿಯಲ್ಲಿದ್ದಳು. ನಮ್ಮ ಘಟಕದಲ್ಲೇ ಮೂರನೆಯ ತೊಟ್ಟಿ ತೊಳೆಯುವ ಕೆಲಸ ಅವಳದು. ಗಂಡ ಯಂಕೋಬ, ಹತ್ತು ವರ್ಷದ ಹಿಂದೆ, ಅಂತರಗಂಗೆ ಇನ್ನೂ ಕೆರೆಯನ್ನು ಪೂರ್ತಿ ನುಂಗಿರದ ಕಾಲದಲ್ಲಿ ಕೆರೆಯ ನಡುವಿನ ಮೂರು ಬಂಡೆಗಳ ಹತ್ತಿರ ಬಲೆ ಬಿಡಿಸಲು ಹೋಗಿದ್ದ. ಗಾಳಿ ತಿರುಗಿ ಗಿಡದ ಚಾಪೆ ಸರಿದು ಬಂದು ಅವನ ಹರಿಗೋಲನ್ನು ಅಡಿಗೆ ಹಾಕಿಕೊಂಡಿತು. ನಾಲ್ಕು ದಿನ ಗಳ ಹಾಕಿ ಹುಡುಕಿದರೂ ಹೆಣ ಸಿಗಲಿಲ್ಲ. ಚಾಪೆ ಅಲ್ಲೇ ಬೇರುಬಿಟ್ಟು ನಿಂತಿತು, ಆಮೇಲೆ ಆ ಕಡೆ ಯಾರೂ ಹೋಗಲಾಗಲಿಲ್ಲ.

ಕೆರೆಗೆ ಮಣ್ಣು ತುಂಬುವ ಸುದ್ದಿ ಕೇಳಿದ ದಿನ ಹುಲಿಗೆವ್ವ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ಹೆಣ ಸಿಗಲಿಲ್ರಿ ಮೇಡಂ, ಮಣ್ಣು ಮಾಡಾಕ ಆಗಲಿಲ್ಲ. ಈಗ ಇವ್ರು ಲಾರಿಗಟ್ಟಲೆ ಮಣ್ಣು ತಂದು ಹಾಕ್ತಾರಂತ. ನನ್ನ ಗಂಡನ ಮ್ಯಾಲ ಮಣ್ಣು ಹಾಕ್ರಿ ಅಂತ ಇವರಿಗೆ ಹೇಳಿದವ್ರು ಯಾರ್ರಿ?"

ಕೂರಲೆಂದು ಕುರ್ಚಿ ಎಳೆದೆ. ಅವಳು ಕೂರಲಿಲ್ಲ.

"ನೀರು ಬಿಡಿಸಿ ಕೊಡ್ರಿ ಸಾಕು. ಆ ಬಂಡಿಗಲ್ಲಿನ ಹತ್ರ ಒಮ್ಮೆ ಹೋಗಿ ನಿಂತು ಬರ್ತೀನಿ. ಆಮ್ಯಾಲ ಬೇಕಾದ್ದು ಮಾಡ್ಕೋರಿ" ಎಂದು ಒಳಗೆ ಹೋದಳು. ಅಂದಿನಿಂದ ನನಗೆ ತೊಟ್ಟಿಗಳ ಚಿಂತೆಯ ಜೊತೆ ಇದೂ ಒಂದು ಗಂಟು ಬಿತ್ತು.

ಮೂರನೆಯ ವರ್ಷದ ಏಪ್ರಿಲ್. ಹೊರಗೆ ನಲವತ್ಮೂರು ಡಿಗ್ರಿ. ನಿಯಂತ್ರಣ ಕೊಠಡಿಯಲ್ಲಿ ಜಯತೀರ್ಥ ಪರದೆಯ ಮುಂದೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. ರಾಯಚೂರಿನವನು, ಬಿಸಿಲಿಗೆ ಬಗ್ಗುವವನಲ್ಲ, ಆದರೆ ಅಂದು ಅವನ ಮುಖ ಸರಿಯಿರಲಿಲ್ಲ.

"ಮೇಡಂ, ಮೂರನೇ ತೊಟ್ಟಿ ಮೀಟರ್ ಕೆಟ್ಟೈತಿ ನೋಡ್ರಿ. ಒಂದು, ಎರಡು, ನಾಲ್ಕು, ಐದು, ಎಲ್ಲಾ ಸತ್ತು ಮಲಗ್ಯಾವ. ಇದೊಂದು ಗ್ಯಾಸ್ ಬರಾಕತ್ತೈತಿ ಅಂತ ತೋರಸ್ತೈತಿ. ಒಳಗ ನಲವತ್ತೈದು ಡಿಗ್ರಿ!"

ಮೀಟರ್ ಬದಲಿಸಿದೆವು. ಹೊಸದೂ ಅದನ್ನೇ ಹೇಳಿತು. ಅದನ್ನೂ ಬೈದು ಇನ್ನೊಂದು ಹಾಕಿದೆವು. ಅದೂ ಅದನ್ನೇ ಹೇಳಿತು. ಕೊನೆಗೆ ನಾನೇ ಮೆಟ್ಟಿಲು ಹತ್ತಿ ತೊಟ್ಟಿಯ ಗೋಡೆಗೆ ಬಟ್ಟೆ ಒತ್ತಿ ಕಿವಿಯಿಟ್ಟೆ. ಒಳಗೆ ಮಳೆ ಹೊಯ್ಯುವ ಸದ್ದು. ಕೋಟಿ ಕೋಟಿ ಗುಳ್ಳೆಗಳು ಒಟ್ಟಿಗೆ ಒಡೆಯುತ್ತಿದ್ದವು. ಬದುಕು ಇರಲೇಬಾರದ ಬಿಸಿಯಲ್ಲಿ ಏನೋ ಸಂಭ್ರಮದಿಂದ ಬದುಕಿತ್ತು.

ಮಾದರಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನಮ್ಮ ಯೀಸ್ಟ್ ಅಲ್ಲ. ಬೇರೆಯೇ ಆಕಾರದ, ಪುಟ್ಟ, ದಪ್ಪ ಗೋಡೆಯ ಜೀವಕೋಶಗಳು; ಅವುಗಳನ್ನು ಸುತ್ತಿಕೊಂಡ ಸರಪಳಿಯಂಥ ಬ್ಯಾಕ್ಟೀರಿಯ. ಇಂಥದ್ದು ಕಂಡರೆ ಏನು ಮಾಡಬೇಕೆಂದು ನನಗೆ ಇಪ್ಪತ್ತು ವರ್ಷ ಕಲಿಸಿದ್ದರು. ಕಲಬೆರಕೆ. ಖಾಲಿ ಮಾಡು, ಕೊಲ್ಲು, ಹೊಸದಾಗಿ ಶುರು ಮಾಡು. ಸಕ್ಕರೆಯ ಪರೀಕ್ಷೆಯ ವರದಿ ಬರಲು ಇನ್ನೂ ಒಂದು ದಿನವಿತ್ತು, ನಾನು ಅಷ್ಟೂ ಕಾಯಲಿಲ್ಲ.

ಬೆಳಿಗ್ಗೆ ತೊಟ್ಟಿ ಬರಿದು ಮಾಡಿಸಿದೆ. ಹುಲಿಗೆವ್ವ ತೊಳೆದಳು, ಉಗಿ ಹಾಯಿಸಿದರು. ಅಷ್ಟಕ್ಕೇ ಸಮಾಧಾನವಾಗದೆ ನಾನೇ ನಿಂತು ಫಾರ್ಮಲಿನ್ ಹೊಡೆಸಿದೆ. ಹುಲಿಗೆವ್ವ ಊಟದ ಡಬ್ಬಿಯನ್ನು ಎದೆಗೆ ಅವುಚಿಕೊಂಡು ನೋಡುತ್ತಿದ್ದಳು.

"ಉಗಿ ಕೊಟ್ಟೀವಲ್ರಿ, ಮತ್ತ ಈ ವಿಷ ಯಾಕ್ರಿ?"

"ಒಂದೂ ಉಳಿಯಬಾರದು ಹುಲಿಗೆವ್ವ."

ಅವಳು ಒಮ್ಮೆ ಡಬ್ಬಿಯನ್ನು, ಒಮ್ಮೆ ತೊಟ್ಟಿಯ ಮುಚ್ಚಳವನ್ನು ನೋಡಿದಳು. ತೊಟ್ಟಿ ಆರುವವರೆಗೂ, ಹೊಸ ಗಂಜಿ ತುಂಬುವವರೆಗೂ, ನಾನು ಮುಚ್ಚಳದ ಹತ್ತಿರದಿಂದ ಕದಲಲಿಲ್ಲ.

ಮರುದಿನ ವರದಿ ಬಂತು. ಮೂರನೆಯ ತೊಟ್ಟಿಯಲ್ಲಿ ಎರಡೂ ಸಕ್ಕರೆ ಸೊನ್ನೆ. ಹೋಳಿಗೆಯೂ ಹೋಗಿತ್ತು, ಅನ್ನವೂ ಹೋಗಿತ್ತು. ನಾಲ್ಕೇ ದಿನದಲ್ಲಿ, ನಲವತ್ತೈದು ಡಿಗ್ರಿಯಲ್ಲಿ. ಲೋಕದ ಯಾವ ಪ್ರಯೋಗಾಲಯಕ್ಕೂ ಆಗದಿದ್ದದ್ದು ನಮ್ಮ ತೊಟ್ಟಿಯಲ್ಲಿ ಆಗಿತ್ತು, ನಾನು ಅದನ್ನು ನನ್ನ ಕೈಯಾರೆ ಕೊಂದಿದ್ದೆ. ತೊಳೆದು ಚೆಲ್ಲಿದ ನೀರನ್ನೂ ವಿಷ ಬೆರೆಸಿಯೇ ಚೆಲ್ಲಿಸಿದ್ದೆ. ನಾನಿಟ್ಟುಕೊಂಡಿದ್ದ ಮಾದರಿಗೂ ಬಣ್ಣ ಹಾಕಿ ಗಾಜಿನ ಮೇಲೆ ಒಣಗಿಸಿಬಿಟ್ಟಿದ್ದೆ. ಹೊಸ ಗಂಜಿ ಹಾಕಿದ ಮೂರನೆಯ ತೊಟ್ಟಿ ಉಳಿದ ನಾಲ್ಕರ ಹಾಗೆಯೇ ಎರಡು ದಿನ ಗುಳುಗುಳು ಎಂದು ಸುಮ್ಮನಾಯಿತು. ಉಪಗ್ರಹ ಬರಲು ನಲವತ್ತೊಂದು ದಿನ ಉಳಿದಿತ್ತು.

ಆ ಭಾನುವಾರ ನಾನು ಘಟಕಕ್ಕೆ ಹೋಗಲಿಲ್ಲ. ಮಧ್ಯಾಹ್ನ ಹುಲಿಗೆವ್ವ, "ಮುಖ ಯಾಕ ಹಂಗ ಮಾಡ್ಕೊಂಡೀರಿ, ಬರ್ರಿ ಒಂದಿಷ್ಟು ಅಂಬ್ಲಿ ಕುಡೀರಿ" ಎಂದು ಅಡುಗೆಮನೆಗೆ ಕರೆದಳು. ಎರಡು ವರ್ಷ ಅವಳ ಮನೆಯಲ್ಲಿದ್ದೂ ನಾನು ಅಡುಗೆಮನೆ ಹೊಕ್ಕಿದ್ದು ಬೆರಳೆಣಿಕೆಯಷ್ಟು ಸಲ. ಘಟಕದ ಕ್ಯಾಂಟೀನಿನಲ್ಲೇ ಉಣ್ಣುತ್ತಿದ್ದೆ.

ಜೋಳದ ಹುಳಿ ಅಂಬಲಿ. ಮಜ್ಜಿಗೆ, ಈರುಳ್ಳಿ, ಮೇಲೆ ಒಂದು ಹಸಿಮೆಣಸು. ಅವಳು ಗಡಿಗೆ ಬಗ್ಗಿಸಿ ಸೌಟಿನಿಂದ ಬಳಿದು ನನ್ನ ಬಟ್ಟಲಿಗೆ ಹಾಕಿದಳು, ತನ್ನದಕ್ಕೆ ಹಾಕಿಕೊಂಡಳು. ತಳದಲ್ಲಿ ಇನ್ನೂ ಒಂದು ಹಿಡಿಯಷ್ಟಿತ್ತು. ಅದನ್ನು ಹಾಗೇ ಬಿಟ್ಟು ಬಟ್ಟೆ ಮುಚ್ಚಿದಳು.

"ಅದನ್ಯಾಕೆ ಬಿಟ್ರಿ?" ಎಂದೆ.

"ಅದು ಗಡಿಗಿ ಪಾಲ್ರಿ. ನಮಗಷ್ಟು, ಅದಕ್ಕಷ್ಟು. ನಮ್ಮಲ್ಲಿ ಹುಳಿ ಇಡೋ ಗಡಿಗಿ ಬರಿದು ಮಾಡಂಗಿಲ್ಲ. ನಮ್ಮತ್ತಿ ಕೊಟ್ಟಿದ್ದು ಇದು, ಅವರತ್ತಿ ಅವರಿಗೆ ಕೊಟ್ಟಿದ್ದು. ಒಂದು ದಿನಾನೂ ಬರಿದಾಗಿಲ್ಲ."

ನಾನು ನಕ್ಕು, ತಮಾಷೆಗೇ ಕೇಳಿದೆ: "ಹಾಗಾದರೆ ನಮ್ಮ ತೊಟ್ಟಿಗೂ ಪಾಲು ಬಿಡ್ತೀರೇನು?"

ಅವಳ ಕೈಯಲ್ಲಿದ್ದ ಸೌಟು ನಿಂತಿತು. ಆಮೇಲೆ ಸೆರಗು ಸರಿಮಾಡಿಕೊಂಡು, ತಪ್ಪು ಒಪ್ಪಿಕೊಳ್ಳುವವರ ಗತ್ತಿನಲ್ಲಿ ನೆಟ್ಟಗೆ ಕೂತಳು.

"ಕೆಲಸದಿಂದ ತೆಗೀತೀರೇನ್ರಿ?"

"ಮೊದಲು ಹೇಳಿ."

"ಮೊದಲನೇ ದಿನ ಅಷ್ಟು ದೊಡ್ಡ ತೊಟ್ಟಿ ಬರಿದು ಐತಲ್ಲ ಅಂತ ಮನಸ್ಸಿಗೆ ಸರಿ ಅನ್ನಿಸಲಿಲ್ರಿ. ಮನಿ ಅಂಬ್ಲಿ ಒಂದು ಹಿಡಿ ಒಯ್ದು ಹಾಕಿದ್ನಿ. ಆಮ್ಯಾಲ ಪ್ರತಿ ಸಲ ತೊಳೆಯೂ ಮುಂಚೆ ಒಂದು ಹಿಡಿ ಗಂಜಿ ಡಬ್ಬಿಯೊಳಗ ತಕ್ಕೊಂತಿದ್ನಿ. ನೀವು ಉಗಿ ಕೊಟ್ಟು, ಅದು ಆರಿದ ಮ್ಯಾಲ, ಮುಚ್ಚಳ ತೆಗೆದಾಗ ಹಾಕಿಬಿಡ್ತಿದ್ನಿ. ಎರಡು ವರ್ಷ ಆತು. ಒಂದು ಸಲಾನೂ ತಪ್ಪಿಸಿಲ್ಲ."

ಬಟ್ಟಲು ಕೆಳಗಿಟ್ಟೆ. ಎರಡು ವರ್ಷ, ಒಂಬತ್ತು ದಿನಕ್ಕೊಮ್ಮೆ ಎಂದರೆ ಎಂಬತ್ತು ಸಲ. ಪ್ರತಿ ಸಲವೂ ಆ ಬಿಸಿಯಲ್ಲಿ, ಆ ಸುಣ್ಣದಲ್ಲಿ, ಆ ಬೇಡದ ಸಕ್ಕರೆಯಲ್ಲಿ ಯಾವುದು ಬದುಕುಳಿಯಿತೋ ಅದರ ಒಂದು ಹಿಡಿಯನ್ನು ಮುಂದಿನ ತೊಟ್ಟಿಗೆ ದಾಟಿಸಿದ್ದಳು. ನಾನು ಉಗಿ ಹಾಯಿಸಿ ಕೊಲ್ಲುತ್ತ ಬಂದಿದ್ದೆ, ಅವಳು ಡಬ್ಬಿಯಲ್ಲಿ ಕಾಪಾಡುತ್ತ ಬಂದಿದ್ದಳು.

"ಮೊನ್ನೆ? ನಾನು ಫಾರ್ಮಲಿನ್ ಹೊಡೆಸಿದ ದಿನ?"

"ತಕ್ಕೊಂಡಿದ್ನಿ. ಆದ್ರ ನೀವು ಮುಚ್ಚಳದ ಮುಂದ ದ್ವಾರಪಾಲಕರಂಗ ನಿಂತಿದ್ರಲ್ರಿ! ಹಾಕಾಕ ಆಗಲಿಲ್ಲ."

"ಚೆಲ್ಲಿದಿರಾ?"

ಅವಳು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. "ಜೀವ ಇರೋದನ್ನ ಚೆಲ್ಲಾಕ ಮನಸ್ಸು ಬರ್ತೈತೇನ್ರಿ? ಹಸಿದಿತ್ತು ಪಾಪ. ದಿನಾ ನಾಕು ಎಲಿ ಹೆಚ್ಚಿ, ಸುಣ್ಣದಾಗ ಬೇಯಿಸಿ ಹಾಕೀನಿ."

ನೀರಿನ ಹಂಡೆಯ ಹಿಂದೆ, ನೆರಳಿನಲ್ಲಿ, ಒಂದು ಪುಟ್ಟ ಮಡಕೆಯಿತ್ತು. ಬಾಯಿಗೆ ಹಳೆಯ ಸೀರೆಯ ಚೂರು ಕಟ್ಟಿತ್ತು. ನಾನು ಮಂಡಿಯೂರಿ ಕಿವಿಯಿಟ್ಟೆ. ಮಳೆಯ ಸದ್ದು. ಅತ್ತುಬಿಟ್ಟೆ. ಹುಲಿಗೆವ್ವ ಗಾಬರಿಯಾಗಿ, "ಇಷ್ಟಕ್ಕ ಯಾಕ ಅಳ್ತೀರಿ, ತಪ್ಪಾದ್ರ ತಪ್ಪಾತು ಅನ್ರಿ, ಚೆಲ್ಲಿಬಿಡ್ತೀನಿ" ಎನ್ನುತ್ತ ಮಡಕೆಗೆ ಕೈ ಹಾಕಿದಳು. ನಾನು ಮಡಕೆಯನ್ನು ಗಟ್ಟಿಯಾಗಿ ತಬ್ಬಿಕೊಂಡೆ.

ಆ ದಿನ ಸಂಜೆಯವರೆಗೂ ಸೂಕ್ಷ್ಮದರ್ಶಕದ ಮುಂದಿನಿಂದ ಏಳಲಿಲ್ಲ. ಈ ಸಲ ಕೊಲ್ಲಲು ನೋಡಲಿಲ್ಲ, ನೋಡಲೆಂದೇ ನೋಡಿದೆ. ಅಂಬಲಿಯಿಂದ ಬಂದ ಯೀಸ್ಟ್ ಒಂದು, ಕೆರೆಯ ಬೇರಿನಿಂದ ಬಂದ ಬ್ಯಾಕ್ಟೀರಿಯ ಒಂದು. ಉಳಿದದ್ದನ್ನು ಮುಂದಿನ ದಿನಗಳ ಪರೀಕ್ಷೆಗಳು ಹೇಳಿದವು: ಬ್ಯಾಕ್ಟೀರಿಯ ಆ ಎರಡನೆಯ ಸಕ್ಕರೆಯನ್ನು ಯೀಸ್ಟ್ ತಿನ್ನಬಲ್ಲ ರೂಪಕ್ಕೆ ತಿರುವಿ ಕೊಡುತ್ತಿತ್ತು. ಸುಣ್ಣದ ಗಂಜಿಯಲ್ಲಿ ಬ್ಯಾಕ್ಟೀರಿಯಕ್ಕೆ ಮಾರಕವಾದುದನ್ನು ಯೀಸ್ಟ್ ನುಂಗಿ ತಡೆಯುತ್ತಿತ್ತು. ಒಂದನ್ನು ಬಿಟ್ಟು ಒಂದಕ್ಕೆ ಬದುಕಿರಲಿಲ್ಲ. ಬೇರ್ಪಡಿಸಿದರೆ ಎರಡೂ ಸಾಯುತ್ತಿದ್ದವು.

ಲೆಕ್ಕ ಹಾಕಿದೆ. ಒಂದು ಹಿಡಿ ಒಂದು ತೊಟ್ಟಿಯಾಗಲು ಹತ್ತೊಂಬತ್ತು ತಲೆಮಾರು ಬೇಕು. ಎಂಬತ್ತು ಸಲಕ್ಕೆ ಸಾವಿರದ ಐನೂರು ತಲೆಮಾರು. ಮನುಷ್ಯರಿಗೆ ಅಷ್ಟು ತಲೆಮಾರು ಆಗಬೇಕಾದರೆ ಮೂವತ್ತೇಳು ಸಾವಿರ ವರ್ಷ ಹಿಡಿಯುತ್ತದೆ. ಗುಹೆಯಿಂದ ಉಪಗ್ರಹದವರೆಗೆ ನಾವು ಬಂದ ದಾರಿಯಷ್ಟು ಉದ್ದದ ದಾರಿಯನ್ನು ಇವು ನನ್ನ ಕಣ್ಣೆದುರು, ನನಗೆ ಗೊತ್ತಿಲ್ಲದೆ, ನಾನು ಒಂಬತ್ತು ದಿನಕ್ಕೊಮ್ಮೆ ಪ್ರಳಯ ಮಾಡುತ್ತಿದ್ದರೂ ನಡೆದು ಮುಗಿಸಿದ್ದವು. ಪ್ರತಿ ಪ್ರಳಯದಲ್ಲೂ ಹುಲಿಗೆವ್ವನ ಅಂಗೈ ಅವಕ್ಕೆ ದೋಣಿಯಾಗಿತ್ತು. ಗಾಜಿನ ಕೆಳಗೆ ಆ ಪುಟ್ಟ ಜೀವಗಳು ತಮ್ಮ ಪಾಡಿಗೆ ತಾವು ಒಂದರಿಂದ ಎರಡಾಗುತ್ತಿದ್ದವು. ನಾನು ಯಾವತ್ತೂ ದೇವಸ್ಥಾನದಲ್ಲಿ ಅಷ್ಟು ಹೊತ್ತು ತಲೆಬಾಗಿ ಕೂತವಳಲ್ಲ.

ಹಿಡಿಯಿಂದ ಬಿಂದಿಗೆ, ಬಿಂದಿಗೆಯಿಂದ ಡ್ರಮ್ಮು, ಡ್ರಮ್ಮಿನಿಂದ ತೊಟ್ಟಿ. ಹನ್ನೆರಡು ದಿನ ಅದಕ್ಕೇ ಹೋಯಿತು. ಜಯತೀರ್ಥನಿಗೆ ಕಥೆ ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕು, ದಾಖಲೆಯಲ್ಲಿ ಏನು ಬರೆಯಲಿ ಎಂದು ಕೇಳಿದ. 'ಹೊಸ ಹೆಪ್ಪು' ಎಂದು ಬರೆಸಿದೆ. ಉಗಿ ಹಾಯಿಸುವುದನ್ನು ನಿಲ್ಲಿಸಿದೆವು. ಐದೂ ತೊಟ್ಟಿಯವರಿಗೆ ಹುಲಿಗೆವ್ವನೇ ಪಾಠ ಹೇಳಿದಳು: ಎಷ್ಟು ಬಿಡಬೇಕು, ಎಲ್ಲಿ ಬಿಡಬೇಕು, ಯಾವ ಬಟ್ಟೆ ಮುಚ್ಚಬೇಕು. ಇಬ್ಬರು ಇಂಜಿನಿಯರುಗಳು ಪುಸ್ತಕ ಹಿಡಿದು ಬರೆದುಕೊಂಡರು. "ಬರಕೊಂಡ್ರ ಏನು ಬರ್ತೈತ್ರಿ, ಕೈ ಹಾಕ್ರಿ" ಎಂದು ಅವಳು ಗದರಿಸಿದಳು.

ಮೇ ತಿಂಗಳ ಉರಿಯಲ್ಲಿ ಐದೂ ತೊಟ್ಟಿ ಒಟ್ಟಿಗೆ ಮಳೆ ಸುರಿಸತೊಡಗಿದವು. ಒಂಬತ್ತು ದಿನದ ಕೆಲಸ ಮೂರು ದಿನಕ್ಕೆ ಮುಗಿಯಿತು. ದೋಣಿಗಳಿಗೆ ಹೊಟ್ಟೆ ತುಂಬ ಸ್ಪಿರಿಟ್ ಸಿಕ್ಕಿತು, ಬೆಳಗಾದರೆ ಹೊರಟು ಹೊತ್ತು ಮುಳುಗುವಾಗ ಬರುತ್ತಿದ್ದವು. ಗಿಡ ಹಬ್ಬುವ ವೇಗಕ್ಕಿಂತ ನಾವು ತಿನ್ನುವ ವೇಗ ಮೊದಲ ಬಾರಿಗೆ ಹೆಚ್ಚಾಯಿತು.

ಎರಡನೆಯ ವಾರದಲ್ಲಿ ಒಂದು ಬೆಳಿಗ್ಗೆ ಊರಿನ ನಾಯಿಗಳೆಲ್ಲ ದಡಕ್ಕೆ ಹೋಗಿ ಬೊಗಳತೊಡಗಿದವು. ಏನಾಯಿತೋ ಎಂದು ಓಡಿಹೋಗಿ ನೋಡಿದರೆ, ನೀರು. ಅಲ್ಲಿಯವರೆಗೆ ತುಂಡು ತುಂಡಾಗಿ ಕಾಣುತ್ತಿದ್ದದ್ದು ಒಂದಾಗಿ ಸೇರಿತ್ತು, ಗಾಳಿಗೆ ಸಣ್ಣ ಅಲೆಯೆದ್ದು ದಡಕ್ಕೆ ಬಡಿಯುತ್ತಿತ್ತು. ಅಲೆ ಎಂಬುದನ್ನೇ ನೋಡಿರದ ನಾಯಿಗಳಿಗೆ ಅದು ಮೇಲೆ ಬರುವ ಪ್ರಾಣಿಯಾಗಿ ಕಂಡಿತ್ತು. ನಾಯಿಗಳನ್ನು ಬೈಯಲು ಬಂದ ಜನ ಬೈಯುವುದನ್ನು ಮರೆತು ನಿಂತರು. ಹತ್ತು ವರ್ಷದೊಳಗಿನ ಮಕ್ಕಳು ನೀರಿನಲ್ಲಿ ಮೋಡ ಕಂಡು ಕಿರುಚಿದವು. ಮುದುಕರು ಮೊಣಕಾಲುದ್ದ ನೀರಿಗಿಳಿದು ನಿಂತೇ ಇದ್ದರು. ನಾನು ಹುಲಿಗೆವ್ವನ ಕಡೆ ನೋಡಿದೆ. ಅವಳು ತೆರೆದ ನೀರನ್ನು ನೋಡುತ್ತಿರಲಿಲ್ಲ. ಅದರಾಚೆ ಇನ್ನೂ ಹಸಿರಾಗಿಯೇ ಇದ್ದ ಮೂರು ಬಂಡೆಗಳ ಕಡೆ ಅವಳ ಕಣ್ಣಿತ್ತು.

ಉಪಗ್ರಹ ಬರುವ ದಿನ ಜೂನ್ ನಾಲ್ಕು, ಬೆಳಿಗ್ಗೆ ಹತ್ತೂ ಮೂವತ್ತೆಂಟು. ಹಿಂದಿನ ಸಂಜೆ ಜಯತೀರ್ಥನ ಡ್ರೋನು ಶೇಕಡಾ ಇಪ್ಪತ್ತೆಂಟು ಎಂದಿತ್ತು. ಬಂಡೆಗಳ ಸುತ್ತಲೂ ಬಿಡಿಸಿಯಾಗಿತ್ತು. ನಾನು ನೆಮ್ಮದಿಯಿಂದ ಮಲಗಿದೆ.

ಬೆಳಿಗ್ಗೆ ಎದ್ದರೆ ನೈರುತ್ಯದ ಗಾಳಿ. ಆಚೆ ದಡದಲ್ಲಿ ಉಳಿದಿದ್ದ ಗಿಡದ ಚಾಪೆ ಬೇರು ಕಿತ್ತುಕೊಂಡು ತೇಲಿ ಬರುತ್ತಿತ್ತು. ಒತ್ತಾಗಿ ಹೆಣೆದುಕೊಂಡಿದ್ದದ್ದು ಸಡಿಲವಾಗಿ, ಹಾಸಿಗೆ ಬಿಡಿಸಿದ ಹಾಗೆ ತೆರೆದ ನೀರಿನ ಮೇಲೆ ತಾನಾಗಿಯೇ ಹರಡಿಕೊಳ್ಳುತ್ತಿತ್ತು. ಎಂಟು ಗಂಟೆಗೆ ಇಪ್ಪತ್ತೊಂದು ಎಂದಿತು ಡ್ರೋನು. ಎಂಟೂವರೆಗೆ ಹತ್ತೊಂಬತ್ತು. ದೋಣಿಗಳು ಎಕರೆಗಟ್ಟಲೆ ಚಾಪೆಯ ಮುಂದೆ ಆಟದ ಸಾಮಾನುಗಳಾದವು. ಜೀವಕೋಶದ ಒಳಗಿನದೆಲ್ಲ ಬಲ್ಲ ನನಗೆ ಗಾಳಿಯ ವಿಷಯ ಒಂದಕ್ಷರ ಗೊತ್ತಿರಲಿಲ್ಲ. ಕಟ್ಟೆಯ ಮೇಲೆ ಕುಸಿದು ಕೂತೆ.

ಹುಲಿಗೆವ್ವ ನನ್ನನ್ನು ನೋಡಿದಳು, ಗಾಳಿಯನ್ನು ನೋಡಿದಳು. ಇದೇ ಗಾಳಿ, ಇದೇ ಚಾಪೆ ಅವಳ ಗಂಡನ ಮೇಲೆ ಬಂದದ್ದು. ಅವಳು ಸೀರೆ ಮೇಲೆ ಕಟ್ಟಿ ಓಣಿಯೊಳಗೆ ಓಡಿದಳು.

"ಏ, ಬಲಿ ತರ್ರಿ! ಅಟ್ಟದ ಮ್ಯಾಲಿನ ಬಲಿ ಎಲ್ಲಾ ತರ್ರಿ! ಇಲಿ ಕಡದಿದ್ರೂ ಬಿಡಬ್ಯಾಡ್ರಿ, ತರ್ರಿ!"

ನಲವತ್ತು ಮನೆಯ ಬಲೆ ಹೊರಬಂದವು. ಹೆಂಗಸರು ದಡದಲ್ಲೇ ಕೂತು ಒಂದಕ್ಕೊಂದು ಗಂಟು ಹಾಕಿದರು; ಬೆರಳುಗಳಿಗೆ ಏನೂ ಮರೆತಿರಲಿಲ್ಲ. ಗಂಡಸರು ಹರಿಗೋಲುಗಳನ್ನು ಗೋಡೆಯಿಂದ ಇಳಿಸಿ ನೀರಿಗೆ ಬಿಟ್ಟರು. ಬಲೆಯ ಒಂದು ತುದಿಯನ್ನು ನಮ್ಮ ಘಟಕದ ಕಟ್ಟೆಗೆ, ಇನ್ನೊಂದನ್ನು ನಡುಬಂಡೆಗೆ ಬಿಗಿದು, ಅರ್ಧ ಮೈಲಿ ಉದ್ದದ ಬಲೆಗೆ ಎದೆಕೊಟ್ಟು ಚಾಪೆಯನ್ನು ಹಿಂದಕ್ಕೆ ಎಳೆಯತೊಡಗಿದರು. ಹುಲಿಗೆವ್ವ ಮುಂದಿನ ಹರಿಗೋಲಿನಲ್ಲಿ ನಿಂತು ಕೂಗುತ್ತಿದ್ದಳು. ಅವಳು ಕೂಗಿದಾಗ ಎಳೆತ, ನಿಲ್ಲಿಸಿದಾಗ ಉಸಿರು. ಇಡೀ ಹಸಿರು ನೆಲ ಅಷ್ಟಷ್ಟೇ ಹಿಂದೆ ಸರಿಯಿತು. ನಾನೂ ಜಯತೀರ್ಥನೂ ಕಟ್ಟೆಯ ಮೇಲೆ ಹಗ್ಗ ಹಿಡಿದು ಅಂಗೈ ಸುಲಿಸಿಕೊಂಡೆವು.

ಹತ್ತೂ ಮೂವತ್ತೆಂಟು. ಎಲ್ಲರೂ ಹಗ್ಗ ಬಿಡದೆ ಆಕಾಶ ನೋಡಿದರು. ಏನೂ ಕಾಣಲಿಲ್ಲ. ಒಂದು ಹದ್ದು ಮಾತ್ರ ಸುತ್ತುತ್ತಿತ್ತು.

"ಹೋತೇನ್ರಿ?" ಎಂದು ಹುಲಿಗೆವ್ವ ನೀರಿನಿಂದ ಕೂಗಿದಳು.

"ಹೋಯ್ತು!" ಎಂದ ಜಯತೀರ್ಥ ಗಡಿಯಾರ ನೋಡಿ.

"ಅಷ್ಟೇ ಏನು? ಇಷ್ಟು ಎಳೆಸಿದ್ದಕ್ಕ ಒಂದು ಸಪ್ಪಳಾನೂ ಮಾಡಲಿಲ್ಲಲ್ಲ ಅದು!" ಎಂದಳು, ಕೆರೆಯ ತುಂಬ ನಗೆ ಎದ್ದಿತು.

ಫಲಿತಾಂಶ ಮರುದಿನ ಬೆಳಿಗ್ಗೆ ಪರದೆಯ ಮೇಲೆ ಬಂತು. ಸಂಗನಗುಂದಿ, ಶೇಕಡಾ ಇಪ್ಪತ್ತೇಳು, ಜಲಮೂಲ. ಜಯತೀರ್ಥ ಮೇಜಿನ ಮೇಲೆ ಗುದ್ದಿ ಕುಣಿದ. ನಾನು ಹುಲಿಗೆವ್ವನನ್ನು ಹುಡುಕಿಕೊಂಡು ಹೋದೆ. ಅವಳು ದಡದಲ್ಲಿ ಹರಿಗೋಲಿನ ತೂತಿಗೆ ಡಾಂಬರು ಮೆತ್ತುತ್ತಿದ್ದಳು. ಸುದ್ದಿ ಹೇಳಿದೆ. ತಲೆಯಾಡಿಸಿ, "ಹತ್ರಿ" ಎಂದಳು.

ಇಬ್ಬರೇ ಹೋದೆವು. ಅವಳು ಹುಟ್ಟು ಹಾಕಿದಳು. ಬಂಡೆಗಳ ನೆರಳು ಬಿದ್ದಲ್ಲಿ ನೀರು ಕಪ್ಪಗೆ ತಣ್ಣಗಿತ್ತು. ಹುಟ್ಟನ್ನು ನನ್ನ ಕೈಗೆ ಕೊಟ್ಟು, ಹರಿಗೋಲಿನ ಅಂಚಿಗೆ ಬಂದು ಕೂತಳು. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಯಾರದೋ ಮನೆ ಬಾಗಿಲಿಗೆ ಬಂದವಳಂತೆ ಸೆರಗು ಹೊದ್ದುಕೊಂಡು, ಬಗ್ಗಿ, ನೀರಿಗೆ ಹೇಳಿದಳು:

"ನಾ ಬಂದೀನಿ. ಭಾಳ ತಡಾ ಆತು, ಸಿಟ್ಟಾಗಬ್ಯಾಡ. ದಾರಿ ಇದ್ದಿಲ್ಲ."

ಅವಳ ದನಿಯಲ್ಲಿ ಸಂಜೆ ಮನೆಗೆ ಬಂದ ಗಂಡನಿಗೆ ದಿನದ ವರದಿ ಒಪ್ಪಿಸುವ ಸಲೀಸಿತ್ತು.

"ಮೊದಲ್ನೇ ವರ್ಷ ಮಳಿ ಛಲೋ ಆತು. ಹಿಂದಿನ ಗ್ವಾಡಿ ಬಿತ್ತು, ನಾನಾ ಕಟ್ಟಿಸೀನಿ, ನೀ ಇದ್ರ ಇನ್ನೂ ವಾರೆ ಕಟ್ಟಿಸ್ತಿದ್ದಿ. ಎರಡನೇ ವರ್ಷ ನಿಮ್ಮವ್ವ ಹೋದ್ಲು. ಕಡೀತನಕ ನಿನ್ನ ಕೇಳಿದ್ಲು. ಆಚಿ ದಂಡಿಗೆ ಹೋಗ್ಯಾನ, ಬರ್ತಾನ ಅಂತ ಹೇಳಿದ್ನಿ, ಸುಳ್ಳು ಹೇಳಿದ್ನಿ ಅನ್ಕೋಬ್ಯಾಡ. ಸ್ಫೂರ್ತಿನ ಗಂಗಾವತಿಗೆ ಕೊಟ್ಟೀನಿ, ಅದನ್ನ ಆಮ್ಯಾಲ ಹೇಳ್ತೀನಿ, ಅದು ಏಳನೇ ವರ್ಷದ್ದು." ಥಟ್ಟನೆ ನೆನಪಾದವಳಂತೆ ನನ್ನ ಕಡೆ ತಿರುಗಿದಳು. "ಅಯ್ಯೋ, ಹೇಳೂದಾ ಮರತ್ನಿ. ಇವ್ರು ನಮ್ಮ ಮೇಡಂ. ಭಾಳ ಓದ್ಯಾರ, ಹೊತ್ತಿಗೆ ಸರಿಯಾಗಿ ಉಣ್ಣಂಗಿಲ್ಲ. ಮಾತಾಡ್ರಿ ಮೇಡಂ, ಸಂಕೋಚ ಮಾಡ್ಕೋಬ್ಯಾಡ್ರಿ."

ನಾನು ಹುಟ್ಟನ್ನು ತೊಡೆಯ ಮೇಲಿಟ್ಟು ನೀರಿಗೆ ಕೈಮುಗಿದೆ.

"ನಮಸ್ಕಾರ" ಎಂದೆ. "ನಾನು ಚಂದ್ರಮತಿ. ನಿಮ್ಮ ಮನೆಯಲ್ಲೇ ಬಾಡಿಗೆಗಿದ್ದೀನಿ."

ಹುಲಿಗೆವ್ವ ತೃಪ್ತಿಯಿಂದ ತಲೆಯಾಡಿಸಿ ಮತ್ತೆ ನೀರಿನತ್ತ ಬಗ್ಗಿದಳು. ಬಿಸಿಲು ನೆತ್ತಿಗೆ ಬಂದಾಗಲೂ ಅವಳಿನ್ನೂ ಮೂರನೆಯ ವರ್ಷದ ಸುದ್ದಿಯಲ್ಲೇ ಇದ್ದಳು.